ರಕ್ತ ಬಂದ ಕಡೆ

ಅಮ್ಮಾ,

ಇವತ್ತು ದಂತವೈದ್ಯೆ ನನ್ನ ಒಸಡಿನ ಅಂಚಿಗೆ ಸಣ್ಣ ಕಡ್ಡಿ ಇಳಿಸಿ ಆಳ ನೋಡಿದರು. ಅವರು ಹೇಳಿದ ಅಳತೆಯನ್ನು ನರ್ಸ್ ಬರೆದುಕೊಳ್ಳುತ್ತಿದ್ದಳು. ಬಲಗಡೆಗೆ ಬಂದಾಗ ದಂತವೈದ್ಯೆ ಒಂದೇ ಜಾಗವನ್ನು ಎರಡು ಸಲ ಅಳೆದರು. ನಾನು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಈ ಕಡೆ ಉಜ್ಜೋದೇ ಇಲ್ವಾ?”

“ರಕ್ತ ಬರುತ್ತೆ ಅಂತ ಬಿಟ್ಟಿದ್ದೀನಿ. ನಮ್ಮಮ್ಮ ಹಾಗೇ ಹೇಳಿಕೊಟ್ಟಿದ್ರು.”

“ಚೆನ್ನಾಗಿ ಹೇಳಿಕೊಟ್ಟಿದ್ದಾರೆ ಬಿಡಿ! ಉಜ್ಜದೆ ಬಿಟ್ಟಿದ್ದಕ್ಕೇ ರಕ್ತ ಬರ್ತಿರೋದು. ಪಾಚಿ ಕಟ್ಟಿ ಗಟ್ಟಿಯಾಗಿದೆ, ಒಸಡು ಬಿಟ್ಕೊಂಡಿದೆ, ಒಳಗೆ ಮೂಳೆನೂ ಸವೆದಿದೆ.”

ಸವೆದ ಮೂಳೆ ತಾನಾಗಿ ಮರಳಿ ಬರುವುದಿಲ್ಲವಂತೆ. ಒಸಡಿನ ಕೆಳಗಿನವರೆಗೆ ಕೆರೆದು ಶುಚಿ ಮಾಡಿದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದಂತೆ. ಹಿಂದಿನ ಎರಡು ಹಲ್ಲುಗಳ ಬಗ್ಗೆ ಮಾತ್ರ ಈಗಲೇ ಏನೂ ಹೇಳಲಾರರಂತೆ. ಆಗಿನಿಂದ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗಿ, ಅವು ಅಲುಗಾಡುತ್ತವೆಯೇ ಎಂದು ನೋಡುತ್ತಿದೆ.

“ಮನೇಲಿ ಯಾರಿಗಾದ್ರೂ ಬೇಗ ಹಲ್ಲು ಬಿದ್ದಿತ್ತಾ?” ಎಂದೂ ಕೇಳಿದರು. ನೀನಿದ್ದಷ್ಟು ದಿನವೂ ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಅದನ್ನು ನಾಚಿಕೆ ಎಂದುಕೊಂಡು ಅಪ್ಪನೂ ನಾನೂ ನಿನ್ನನ್ನು ಇನ್ನಷ್ಟು ನಗಿಸುತ್ತಿದ್ದೆವು.

ಮನೆಗೆ ಬಂದಾಗ ನಿನ್ನ ಮೊಮ್ಮಗಳು ಕನ್ನಡಿಯೆದುರು ಹಲ್ಲುಜ್ಜುತ್ತಿದ್ದಳು. ಉಗುಳಿದ ನೊರೆ ತುಸು ಕೆಂಪಾಗಿತ್ತು. ಅವಳು ಬ್ರಷ್ಷನ್ನು ಥಟ್ಟನೆ ಇನ್ನೊಂದು ಕಡೆಗೆ ತಿರುಗಿಸಿದಳು. ನಾನು ಅವಳ ಕೈ ಹಿಡಿದು ಮೆಲ್ಲಗೆ ಮತ್ತೆ ಆ ಕಡೆಗೇ ತಂದೆ.

“ರಕ್ತ ಬಂದ ಕಡೆ ಮುಟ್ಟಬೇಡ ಅಂತ ನೀನೇ ಹೇಳಿಕೊಟ್ಟಿದ್ದಲ್ವಾ?” ಎಂದಳು.

ಹಾಗೆ ಹೇಳಿಕೊಟ್ಟಿದ್ದು ಅಜ್ಜಿ ಎನ್ನಲು ನನಗೆ ಬಾಯಿ ಬರಲಿಲ್ಲ. “ಹೌದು, ನಾನೇ,” ಎಂದೆ.