ಅಧ್ಯಕ್ಷೆಯ ಮನೆಯ ಬಿಳಿಗಾಲು

ಲಾಯದ ಪಕ್ಕದ ಕೋಣೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆ ಕಾಯಿಸಿಕೊಡುವ ಎಣ್ಣೆಯನ್ನು ನೀನೇ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಎಂದಿನಂತೆ ಕುದುರೆಯ ಕಾಲಿಗೆ ತಿಕ್ಕಿ ನೀನು ಕುಂಟುತ್ತಿದ್ದೀಯೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಸೊಂಟ ಆಗಾಗ ಹಿಡಿದುಕೊಳ್ಳುತ್ತದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ ಎಂದು ಇವರು ಹೇಳುತ್ತಾರೆ.

ಈಗ ಸುದ್ದಿ. ನಗಬೇಡ. ನಿನ್ನ ತಂಗಿ ನಮ್ಮ ಕುದುರೆ ತಳಿ ಸಂಘದ ಅಧ್ಯಕ್ಷೆಯಾಗಿದ್ದಾಳೆ. ಹಳೆಯ ಅಧ್ಯಕ್ಷರು, ಅದೇ ಬೇಕರಿಯವರು, ಇನ್ನು ನನ್ನ ಕೈಲಾಗದು ಎಂದು ಕೈಮುಗಿದರಂತೆ. ಉಳಿದವರೆಲ್ಲ ಸೂರು ನೋಡುತ್ತಾ ಕೂತರಂತೆ. ನಾನು ಟೀ ಲೋಟ ತೊಳೆದು ಒಳಗೆ ಬರುವಷ್ಟರಲ್ಲಿ ಚಪ್ಪಾಳೆಯೇ ಮುಗಿದುಹೋಗಿತ್ತು. ಎಲ್ಲರ ಒಪ್ಪಿಗೆಯೂ ಆಯಿತು ಎಂದರು, ನನ್ನೊಬ್ಬಳದ್ದನ್ನು ಬಿಟ್ಟು! ಅಂದಿನಿಂದ ಇವರು “ಅಧ್ಯಕ್ಷರೇ, ನನ್ನ ಕನ್ನಡಕ ಎಲ್ಲಿಟ್ರಿ?” ಎಂದೇ ಕರೆಯುತ್ತಾರೆ. ಸಂಘದ ಮುಖ್ಯ ತೀರ್ಪುಗಾರರು ತಾನೇ, ಮಾತಿನಲ್ಲಿ ಮರ್ಯಾದೆಗೆ ಕೊರತೆಯಿಲ್ಲ.

ಕುರ್ಚಿ ಸಿಕ್ಕಿತೆಂದು ಸುಮ್ಮನೆ ಕೂರುವವಳು ನಾನಲ್ಲ, ನಿನಗೇ ಗೊತ್ತು. ಪಶುವೈದ್ಯೆಯನ್ನು ಜೊತೆಗೆ ಕರೆದುಕೊಂಡು ಒಬ್ಬೊಬ್ಬ ಸದಸ್ಯರ ಲಾಯಕ್ಕೂ ಹೋಗಿಬಂದೆ. ನೋಡಲು ಕುದುರೆಗಳು ಲಕಲಕ ಹೊಳೆಯುತ್ತಿವೆ. ಆದರೆ ಮಾಡಲು ಕೆಲಸವಿಲ್ಲ, ಮನೆ ಅಳಿಯಂದಿರ ಹಾಗೆ ತಿಂದುಂಡು ಮಲಗಿವೆ. ಅದಕ್ಕಿಂತ ದೊಡ್ಡ ಚಿಂತೆ ಬೇರೆಯೇ ಇದೆ ಅಣ್ಣಾ. ಕೆಲವು ಒಳ್ಳೆಯ ಹೆಣ್ಣು ಕುದುರೆಗಳು ಗಬ್ಬವನ್ನೇ ಕಟ್ಟುತ್ತಿಲ್ಲ. “ಈ ವರ್ಷದ ಮರಿಗಳೆಲ್ಲ ಹತ್ತಿರದ ನೆಂಟರೇ. ಹೀಗೇ ಹೋದ್ರೆ ನಿಮ್ಮ ತಳಿ ಉಳಿಯಲ್ಲಮ್ಮ” ಎಂದು ವೈದ್ಯೆ ಮುಖಕ್ಕೆ ಹೊಡೆದಂತೆ ಹೇಳಿದಳು. ಹೊರಗಿನ ರಕ್ತ ಎಲ್ಲಿದೆ ಎಂದು ಯೋಚಿಸಿದರೆ ಒಂದೇ ಒಂದು ಉತ್ತರ: ನಿನ್ನ ಲಾಯದಲ್ಲಿ. ದೂರದ ಕವಲಿನ ತಾಯಿಗೆ ಹುಟ್ಟಿದ ಗಂಡು ಅದೊಂದೇ. ಮೈಯೆಲ್ಲ ಕಂದು ಇರಬೇಕು, ಎಲ್ಲೂ ಬಿಳಿ ಇರಕೂಡದು ಎಂಬ ನಿಯಮ ಹಿಡಿದು, ಕಾಲು ಬಿಳಿ ಎಂದು ನಾವು ಹೊರಗಟ್ಟಿದ್ದೂ ಅದನ್ನೇ. ಪ್ರದರ್ಶನದ ದಿನ ನೂರು ಜನರ ಮುಂದೆ ಇವರು “ಇದು ನಮ್ಮ ತಳಿ ಅಲ್ಲ, ಕಾಲುಚೀಲ ಹಾಕ್ಕೊಂಡು ಬಂದಿರೋ ನೆಂಟ” ಎಂದರು. ನೀನು ಅಲ್ಲಿಂದಲೇ ಕುದುರೆಯನ್ನು ಗಾಡಿಗೆ ಹತ್ತಿಸಿಕೊಂಡು ಹೋದೆ. ಅಂದಿನಿಂದ ನಮ್ಮ ಹೊಸ್ತಿಲು ತುಳಿದಿಲ್ಲ. ಗಂಡನಿಗೂ ಅಣ್ಣನಿಗೂ ನಡುವೆ ನನ್ನದು ಅತ್ತ ದರಿ ಇತ್ತ ಪುಲಿ.

ಇನ್ನು ನಗುವ ವಿಷಯಕ್ಕೆ ಬರುತ್ತೇನೆ. ಇವರ ಮುದ್ದಿನ ಕುದುರೆ ಇದೆಯಲ್ಲ, ನಾವೆಲ್ಲ ಪಟ್ಟದರಸಿ ಎನ್ನುತ್ತೇವಲ್ಲ, ಅದು ಎರಡು ತಿಂಗಳ ಹಿಂದೆ ಮರಿ ಹಾಕಿತು. ಚೆಂದದ ಹೆಣ್ಣು ಮರಿ, ಮೈಯೆಲ್ಲ ಕಂದು, ಹಿಂದಿನ ಎಡಗಾಲು ಮಾತ್ರ ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ! ತಂದೆ ತಾಯಿ ಇಬ್ಬರಲ್ಲೂ ಬಿಳಿಯ ಚುಕ್ಕೆಯಿಲ್ಲ. ಇವರು “ಹಾಲು ಅಂಟಿರ್ಬೇಕು ಕಣೇ” ಎಂದು ಒದ್ದೆ ಬಟ್ಟೆಯಿಂದ ಉಜ್ಜಿದರು, ಉಜ್ಜಿದರು, ಕಾಲು ಇನ್ನಷ್ಟು ಬೆಳ್ಳಗಾಯಿತು. ಅಷ್ಟರಲ್ಲಿ ಮರಿ ಒಂದು ಸೀನು ಸೀನಿ ಇವರ ಅಂಗಿಯ ತೋಳನ್ನು ಚೀಪತೊಡಗಿತು. ಅಲ್ಲಿಗೆ ತೀರ್ಪುಗಾರರ ಕಥೆ ಮುಗಿಯಿತು. ಈಗ ಮನೆಯಲ್ಲಿ ನಾನು ಎರಡನೆಯವಳು.

ಆದರೆ ಸಂಘದ ಸಭೆ ನಡೆಯಬೇಕಾದದ್ದು ನಮ್ಮ ಅಂಗಳದಲ್ಲೇ. ಸಭೆಯ ದಿನ ಬೆಳಿಗ್ಗೆ ನೋಡುತ್ತೇನೆ, ಮರಿಯ ಕಾಲಿಗೆ ದಪ್ಪ ಬ್ಯಾಂಡೇಜು! ಕೇಳಿದರೆ “ಉಳುಕಿದೆ” ಎಂದರು, ನನ್ನ ಮುಖ ನೋಡದೆ. ನಾನು ಕುರ್ಚಿ ಹಾಕಿಸಲು ಹೋದೆ. ಎಲ್ಲರೂ ಬಂದು ಕೂತ ಮೇಲೆ ನಾನು ಎದ್ದು ನಿಂತು, ಮುಂದಿನ ವರ್ಷಗಳಲ್ಲಿ ಸಂಘ ಏನು ಮಾಡಬೇಕೆಂದು ಹೇಳತೊಡಗಿದೆ. ಹತ್ತಿರದ ನೆಂಟಸ್ತಿಕೆಯಲ್ಲಿ ಮರಿ ಮಾಡಿಸುವುದು ನಿಲ್ಲಬೇಕು. ಶಾಲೆಯ ಮಕ್ಕಳು ಸವಾರಿ ಕಲಿಯಲು ನಮ್ಮ ಕುದುರೆಗಳು ಹೋಗಬೇಕು. ಜನ ಮುಟ್ಟದ ಕುದುರೆಯನ್ನು ಜನ ಉಳಿಸುವುದಿಲ್ಲ. ಕಾಲಿನ ಗಟ್ಟಿತನ, ಉಸಿರು, ಗುಣ ಇವು ಮೊದಲು, ಬಣ್ಣ ಆಮೇಲೆ. ಆದ್ದರಿಂದ ಬಿಳಿಯ ನಿಯಮ ಹೋಗಬೇಕು ಎಂದೆ. ಗದ್ದಲವೋ ಗದ್ದಲ. ಜೀನು ಹೊಲಿಯುವವನು ಎದ್ದು “ಇವತ್ತು ಬಿಳಿಗಾಲು, ನಾಳೆ ಪಟ್ಟೆಪಟ್ಟೆ ಕುದುರೆ ತರ್ತೀರಾ?” ಎಂದು ಕೂಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವರು ಮಾತ್ರ ಲಾಯದ ಕಡೆಗೇ ನೋಡುತ್ತಿದ್ದರು.

ಆಗಲೇ ಮರಿ ತಪ್ಪಿಸಿಕೊಂಡು ಬಂತು! ಕುರ್ಚಿಗಳ ನಡುವೆ ನುಗ್ಗಿ, ಬಿಚ್ಚಿದ ಬ್ಯಾಂಡೇಜನ್ನು ಉದ್ದಕ್ಕೆ ಎಳೆದುಕೊಂಡು, ಅಂಗಳಕ್ಕೆ ಮೂರು ಸುತ್ತು ಹಾಕಿತು. ಬಿಸಿಲಿಗೆ ಆ ಬಿಳಿಗಾಲು ಫಳಫಳ. ಎಲ್ಲರ ಕಣ್ಣೂ ಇವರ ಮೇಲೆ. “ಉಳುಕಿದ ಕಾಲು ಚೆನ್ನಾಗೇ ಓಡ್ತಿದೆ” ಎಂದಳು ವೈದ್ಯೆ. ಇವರು ಭೂಮಿಗೆ ಇಳಿದುಹೋಗುತ್ತಾರೆ ಅಂದುಕೊಂಡೆ. ಇಲ್ಲ ಅಣ್ಣಾ. ಎದ್ದು ಹೋಗಿ ಬ್ಯಾಂಡೇಜನ್ನು ಕೈಗೆ ಸುತ್ತಿಕೊಳ್ಳುತ್ತಾ ಹೇಳಿದರು: “ಇಂಥ ಕಾಲು ನನ್ನ ಜನ್ಮದಲ್ಲಿ ನೋಡಿಲ್ಲ. ಇದನ್ನ ಮುಚ್ಚಿದ್ದು ತಪ್ಪು. ಹಿಂದೆ ಇಂಥದೇ ಕಾಲನ್ನ ನೋಡಿ ನಕ್ಕಿದ್ದು ಇನ್ನೂ ದೊಡ್ಡ ತಪ್ಪು.” ಹಾಗೆಂದು ನಿಯಮ ತೆಗೆಯಲು ಒಪ್ಪಿ ಬ್ಯಾಂಡೇಜು ಸುತ್ತಿದ ಕೈಯನ್ನೇ ಎಲ್ಲರಿಗಿಂತ ಮೊದಲು ಎತ್ತಿದರು. ಹಿಂದೆಯೇ ಒಂದೊಂದಾಗಿ ಕೈಗಳು ಮೇಲಾದವು, ಕೊನೆಗೆ ಜೀನಿನವನದ್ದೂ. ನನಗೆ ಅಳು ತಡೆಯಲಾಗಲಿಲ್ಲ, ಅಧ್ಯಕ್ಷೆ ಸೆರಗಿನಿಂದ ಮೂಗು ಒರೆಸಿಕೊಂಡೇ ಸಭೆ ಮುಗಿಸಿದಳು. ಅಷ್ಟು ಸಂತೋಷವಾಗಿತ್ತು.

ನಿನ್ನ ಕುದುರೆಯನ್ನು ಕೇಳಿ ಸಂಘದಿಂದ ಮೊಹರು ಒತ್ತಿದ ಪತ್ರವೊಂದು ಬರುತ್ತದೆ. ಒಪ್ಪುವುದು ಬಿಡುವುದು ನಿನಗೆ ಸೇರಿದ್ದು. ತಂಗಿ ಎಂಬ ಸಲಿಗೆಯಿಂದ ನಾನು ಒತ್ತಾಯ ಮಾಡುವುದಿಲ್ಲ. ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು. ನೀನು ನೂರು ಕಾಲ ಚೆನ್ನಾಗಿರು, ಮಂಡಿಯೂ ಸೇರಿದಂತೆ.

ನಿನ್ನ ತಂಗಿ
(ಅಧ್ಯಕ್ಷೆ ಎಂದು ಬರೆಯುವ ಆಸೆ ತಡೆದುಕೊಂಡಿದ್ದೇನೆ)

ಮರೆತೆ: ಇವರು ಬೆಳಗಾಗುವ ಮೊದಲೇ ಪಟ್ಟದರಸಿಯನ್ನೂ ಮರಿಯನ್ನೂ ಗಾಡಿಗೆ ಹತ್ತಿಸಿಕೊಂಡು ಹೊರಟುಬಿಟ್ಟರು. ಲಾಳ ಹೊಡೆಸಲು ಎಂದರು. ಲಾಳ ಹೊಡೆಸಲು ಇಸ್ತ್ರಿ ಮಾಡಿದ ಅಂಗಿ ಯಾಕೆ ಎಂದು ಗದರಿಸಿದ ಮೇಲೆ ಬಾಯಿಬಿಟ್ಟರು: “ಕಾಗದ ಬರೆದು ಕರೆಸ್ಕೊಳ್ಳೋಕೆ ನಾವ್ಯಾರು? ಹೆಣ್ಣಿನ ಕಡೆಯವರು ನಾವು, ನಾವೇ ಹೋಗಿ ಕೇಳ್ಬೇಕು.” ಮರಿ ಇರುವುದರಿಂದ ಗಾಡಿ ನಿಧಾನ, ರಾತ್ರಿ ದಾರಿಯಲ್ಲಿ ತಂಗುತ್ತಾರೆ. ಈ ಕಾಗದ ಹಾಲಿನ ಲಾರಿಯವನ ಕೈಯಲ್ಲಿ ಇವತ್ತೇ ನಿನಗೆ ಸಿಗಬೇಕು. ನಿನ್ನೆಯೆಲ್ಲ ಲಾಯದಲ್ಲಿ ಕುದುರೆಯ ಮುಂದೆ ನಿಂತು ನಿನಗೆ ಹೇಳಬೇಕಾದ ಮಾತನ್ನು ಅಭ್ಯಾಸ ಮಾಡುತ್ತಿದ್ದರು. ನಿನ್ನ ಮುಖ ಕಂಡೊಡನೆ ಅದೆಲ್ಲ ಮರೆತು ರಸ್ತೆಯ ಗುಂಡಿಗಳ ಬಗ್ಗೆ ಮಾತಾಡುತ್ತಾರೆ, ನೋಡುತ್ತಿರು. ಆ ಮಾತಿಗೆ ಕಾಯಬೇಡ ಅಣ್ಣಾ. ಇನ್ನು ನೀವಿಬ್ಬರೂ ಬೀಗರು. ಬೀಗರನ್ನು ಗೇಟಿನ ಹೊರಗೆ ನಿಲ್ಲಿಸಬಾರದು.