ನಾರು ಸುತ್ತಿದ ಹಿಡಿ

ಚಿಕ್ಕನಾಯಕನಹಳ್ಳಿ
17-12-1972

ಪ್ರೀತಿಯ ನಿಮಗೆ,

ಶರಣು. ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿನಲ್ಲೇ ಪೆನ್ನು ನಿಂತುಬಿಡುತ್ತಿತ್ತು. ತಡವಾಯಿತೆಂದು ಬೈಯುವುದಾದರೆ ಊರಿಗೆ ಬಂದು ಎದುರಿಗೇ ಬೈಯಿರಿ. ಇಲ್ಲಿ ಚಳಿ ಜೋರಾಗಿದೆ. ಅತ್ತೆಯವರಿಗೆ ಮಂಡಿನೋವು. ಅಟ್ಟದ ಮೇಲಿನ ಕಾಯಿ ಇನ್ನೂ ನೀರಾಡುತ್ತಿವೆ, ಕೊಬ್ಬರಿಯಾಗಲು ಯುಗಾದಿ ಕಳೆಯಬೇಕು ಎನ್ನುತ್ತಾರೆ ಮಾವ.

ತಿಂಗಳ ಕೊನೆಗೆ ಆಸ್ಪತ್ರೆಯಿಂದ ಬಿಡುತ್ತಾರೆ, ಆದರೂ ಊರಿಗೆ ಬರುವುದಿಲ್ಲ, ಪುಣೆಯಲ್ಲೇ ಟೆಲಿಫೋನ್ ಬೋರ್ಡಿನ ಮುಂದೆ ಕೂರುವ ಕೆಲಸ ಹಿಡಿಯುತ್ತೇನೆ ಎಂದು ಬರೆದಿದ್ದೀರಿ. ಇಬ್ಬರು ಹಿಡಿದುಕೊಂಡು ನಿಮ್ಮನ್ನು ಮನೆಗೆ ತರುವುದನ್ನು ಊರು ನೋಡಬಾರದು ಎಂದೂ ಬರೆದಿದ್ದೀರಿ. ಮಳೆಗಾಲದಿಂದ ಇದನ್ನೇ ಹೇಳುತ್ತಿದ್ದೀರಿ. ನಾವು ಮಳೆಗಾಲದಿಂದ ಇದಕ್ಕೇ ಒಂದು ಉತ್ತರ ತಯಾರು ಮಾಡುತ್ತಿದ್ದೇವೆ. ನಿಮಗೆ ತಿಳಿಸಕೂಡದೆಂದು ಮಾವ ಕಟ್ಟಪ್ಪಣೆ ಮಾಡಿದ್ದರು. ಮೊನ್ನೆ ಶುಕ್ರವಾರ ಆದದ್ದಾದ ಮೇಲೆ ಅವರೇ, "ಬರೀ ಕಣಮ್ಮ, ಎಲ್ಲಾನೂ ಬರೀ. ನಾನು ಮಾಡಿದ್ ಘನಂದಾರಿ ಕೆಲಸಾನೂ ಬರೀ" ಎಂದರು.

ಜೀಪನ್ನು ಎಬ್ಬಿಸಿದ್ದೇವೆ.

ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ನನ್ನನ್ನು ಕಾಯಿಮನೆಗೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದ್ದು ನೆನಪಿದೆಯೇ? ನಿಮ್ಮ ತಾತ ಮಿಲಿಟರಿ ಹರಾಜಿನಲ್ಲಿ ಹಿಡಿದದ್ದು, ನೀವು ಡ್ರೈವಿಂಗ್ ಕಲಿತದ್ದು, ಸೈನ್ಯದಲ್ಲಿ ಡ್ರೈವರಾಗಬೇಕೆಂಬ ಹುಚ್ಚು ಹತ್ತಿಸಿದ್ದು. ಟೈರುಗಳು ನೆಲಕ್ಕೆ ಕೂತಿದ್ದವು, ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಅದರ ಸ್ಟೇರಿಂಗು ಎಡಗಡೆ. ನೀವು ಅಲ್ಲಿ ಕೂತು, ನನ್ನನ್ನು ಬಲಗಡೆ ಕೂರಿಸಿಕೊಂಡು, ನಮ್ಮಿಬ್ಬರ ನಡುವಿನ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿಸಿದಿರಿ. ಉದ್ದನೆಯದು ಗೇರು, ಗಿಡ್ಡನೆಯದೊಂದು ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಕೊಡುವುದಕ್ಕೆ, ಇನ್ನೊಂದು ಆನೆ ಹಾಗೆ ನಿಧಾನವಾಗಿ ಎಳೆಯುವುದಕ್ಕೆ. "ಇಳಿಜಾರಲ್ಲಿ ಬ್ರೇಕ್ ನಂಬ್ಕೋಬಾರ್ದು ಕಣೇ, ಎಂಜಿನ್ನೇ ಹಿಡ್ಕೋಬೇಕು" ಎಂದಿರಿ. ನಾನು ತಲೆಯಾಡಿಸಿದೆ. "ತಿಳೀತೋ, ಇಲ್ಲಾ ಸುಮ್ನೆ ಗೋಣಾಡಿಸ್ತಿದ್ದೀಯೋ" ಎಂದು ನಕ್ಕಿರಿ. ತಿಳಿದಿತ್ತು. ಹೇಳಲು ನಾಚಿಕೆಯಾಯಿತು. ರಜೆ ಮುಗಿಯುವ ಮುಂಚೆಯೇ ಯುದ್ಧಕ್ಕೆ ಕರೆದು ತಂತಿ ಬಂತು, ನೀವು ಹೊರಟುಹೋದಿರಿ.

ಪುಣೆಯಲ್ಲಿ ನಿಮ್ಮನ್ನು ನೋಡಿಕೊಂಡು ಬಂದ ವಾರವೇ ಮಾವ ಕೋಳಿಗಳನ್ನು ಓಡಿಸಿ, ತಿಪಟೂರಿನಿಂದ ಲೇತು ಕೆಲಸದ ಹುಚ್ಚಣ್ಣನನ್ನು ಕರೆಸಿದರು. ಅವನ ಬಾಯಿ ನಿಮಗೆ ಗೊತ್ತೇ ಇದೆ. ಬಾನೆಟ್ಟು ಎತ್ತಿ ಇಣುಕಿದವನೇ, "ಸ್ವಾಮೇರೇ, ಇದ್ರೊಳಗೆ ಎಂಜಿನ್ನಿಗಿಂತ ಇಲಿಗಳೇ ಜಾಸ್ತಿ ಅವೆ" ಎಂದ.

ಎಂಜಿನ್ನು ಏಳುವುದಕ್ಕೆ ದಸರಾ ಬಂತು. ಸೀಟಿಗೆ ನಮ್ಮ ತೋಟದ ನಾರನ್ನೇ ತುಂಬಿ ಹೊಲಿಸಿದೆವು. ಬಣ್ಣದ್ದು ಮಾತ್ರ ದೊಡ್ಡ ಜಗಳ. ಮಾವನಿಗೆ ಹಳೆಯ ಮಿಲಿಟರಿ ಹಸಿರೇ ಬೇಕು. ಅತ್ತೆ ಹಟ ಹಿಡಿದರು: "ಆ ಬಣ್ಣ ಬಳುದ್ರೆ ನಾನು ಈ ಹೊಸಲು ದಾಟಿ ಈಚೆಗೆ ಬರಾಕಿಲ್ಲ." ಕೊನೆಗೆ ಹುಚ್ಚಣ್ಣ ತನ್ನಲ್ಲಿ ಉಳಿದಿದ್ದ ಬಸ್ಸಿನ ಕೆಂಪು, ಗೇಟಿನ ಕಪ್ಪು ಎಲ್ಲ ಕಲಸಿ ಬಳಿದ. ಒಣಗಿದ ಮೇಲೆ ತೆಂಗಿನ ಚಿಪ್ಪಿನ ಬಣ್ಣ ಬಂತು. ಬೇಕೆಂದೇ ಹಾಗೆ ಮಾಡಿದ್ದು ಎಂದು ಈಗ ಹೇಳಿಕೊಂಡು ತಿರುಗುತ್ತಿದ್ದಾನೆ.

ಕಷ್ಟವಾದದ್ದು ಕ್ಲಚ್ಚು. ನೀವು ಯುದ್ಧದಲ್ಲಿ ಕಳೆದುಕೊಂಡ ಎಡಗಾಲಿಗೆ ಜೀಪಿನಲ್ಲಿ ಅದೊಂದೇ ಕೆಲಸ. ಅದನ್ನು ಕೈಗೆ ತರಬೇಕು. ಹುಚ್ಚಣ್ಣ ಮೊದಲು ಸ್ಟೇರಿಂಗಿನ ಎಡಕ್ಕೆ ಒಂದು ಹಿಡಿ ಕೂರಿಸಿ, ತಾನೇ ಅಂಗಳದಲ್ಲಿ ಓಡಿಸಿ ತೋರಿಸಲು ಹೋದ. ಎಡಗೈ ಕ್ಲಚ್ಚಿಗೆ, ಬಲಗೈ ಗೇರಿಗೆ, ಸ್ಟೇರಿಂಗು ದೇವರಿಗೆ. ಜೀಪು ನೆಟ್ಟಗೆ ಹೋಗಿ ಸಿಪ್ಪೆಯ ರಾಶಿಗೆ ನುಗ್ಗಿತು. ಅಲ್ಲಿ ಕಾಯಿ ಸುಲಿಯುತ್ತಿದ್ದ ಗಂಗಕ್ಕ ಎದ್ದು ಓಡಿ, ದೂರ ನಿಂತು, "ಸುಲಿಯಾಕೆ ನಾನಿಲ್ವಾ ಸ್ವಾಮೇರಾ, ಜೀಪ್ ಯಾಕೆ ತಂದ್ರಿ?" ಎಂದಳು.

ನಾನು ಬಾಗಿಲ ಮರೆಯಿಂದ, "ಇದಕ್ಕೆ ಮೂರನೇ ಕೈ ಬೇಕಾಗುತ್ತದೆ" ಎಂದು ಅತ್ತೆಯ ಕಿವಿಯಲ್ಲಿ ಹೇಳಿದೆ. ಅತ್ತೆ ಅದನ್ನು ಅಂಗಳಕ್ಕೆಲ್ಲ ಕೇಳುವಂತೆ ಹೇಳಿದರು. ಹುಚ್ಚಣ್ಣ, "ಅದಕ್ಕೇನು ಬುಡ್ರವ್ವ, ಪಕ್ಕದಲ್ಲಿ ಕೂತೋರು ಗೇರ್ ಹಾಕಿದ್ರಾಯ್ತು" ಎಂದ. ಮಾವ ಸಿಡುಕಿದರು: "ಪಕ್ಕದಲ್ಲಿ ಯಾರೂ ಕೂರದೇ ಇದ್ರೂ ಅವನು ಓಡಿಸ್ಬೇಕು ಕಣ್ಲಾ. ಅದಕ್ಕೇ ತಾನೇ ಇಷ್ಟೆಲ್ಲ." ಅವರ ಮಾತು ಸರಿಯೇ. ಆದರೂ ನನಗೆ ಚುಚ್ಚಿತು. ಏಕೆಂದು ಕೊನೆಯಲ್ಲಿ ಬರೆಯುತ್ತೇನೆ, ಅಷ್ಟರಲ್ಲಿ ಧೈರ್ಯ ಮುಗಿಯದಿದ್ದರೆ.

ಆಮೇಲೆ ಗುಜರಿಯಿಂದ ಹಳೆಯ ಲಾರಿಯೊಂದರ ಹ್ಯಾಂಡ್‌ಬ್ರೇಕ್ ಹಿಡಿ ತಂದು ಗೇರಿನ ಪಕ್ಕದಲ್ಲಿ ನಿಲ್ಲಿಸಿದರು. ಅದನ್ನೆಳೆದರೆ ಕ್ಲಚ್ ಒತ್ತುತ್ತದೆ, ಕಟಕಟನೆ ಹಲ್ಲಿಗೆ ಸಿಕ್ಕಿ ಹಾಗೇ ನಿಲ್ಲುತ್ತದೆ. ಅದೇ ಕೈಯಿಂದ ಗೇರು ಹಾಕಿ, ಹಿಡಿಯ ತುದಿಯ ಗುಂಡಿ ಒತ್ತಿ ಮೆಲ್ಲನೆ ಬಿಟ್ಟರೆ ಜೀಪು ಹೊರಡುತ್ತದೆ. ಎಡಗೈ ಸ್ಟೇರಿಂಗ್ ಬಿಡುವ ಹಾಗೇ ಇಲ್ಲ. ಹುಚ್ಚಣ್ಣ ಎರಡು ಕಾಲಿದ್ದೂ ಒಂದನ್ನು ಮಡಿಸಿಕೊಂಡು ಪೇಟೆ ಬೀದಿಯಲ್ಲಿ ಎರಡು ಸಲ ಓಡಿಸಿದ. ಎಲ್ಲ ಚೆನ್ನಾಗಿತ್ತು.

ಮಾವನಿಗೆ ಅಷ್ಟು ಸಾಲಲಿಲ್ಲ. ಗುಡ್ಡದ ದಾರಿಯಲ್ಲಿ ತಾವೇ ಓಡಿಸಿ ನೋಡಬೇಕು ಎಂದರು. ಶುಕ್ರವಾರ ಬೆಳಿಗ್ಗೆ ಜೀಪಿನ ಮೇಲೆಲ್ಲ ಇಬ್ಬನಿ. ನಾನು ಒಲೆಯ ಮುಂದೆ ಅತ್ತೆಯ ತಲೆಗೆ ಹಚ್ಚಲು ಎಣ್ಣೆ ಸೀಸೆ ಕಾಯಿಸುತ್ತಿದ್ದೆ. ಒಳಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಅಂಗಳದಿಂದ ಅತ್ತೆಯ ಕೂಗು ಕೇಳಿ ಹೊರಗೆ ಓಡಿದೆ. ಮಾವ ಜಗಲಿಯ ಮೇಲೆ ಕೂತು ಎಡಗಾಲನ್ನು ಮಡಿಸಿ, ತೊಡೆಗೂ ಕಣಕಾಲಿಗೂ ಸೇರಿಸಿ ನಾರಿನ ಹಗ್ಗ ಸುತ್ತಿ ಬಿಗಿಯುತ್ತಿದ್ದರು.

"ಗಟ್ಟಿಯಾಗಿರೋ ಕಾಲನ್ನ ಯಾಕ್ರೀ ಕಟ್ಟಾಕ್ತೀರಿ? ಮನೇಲಿ ಒಂದು ಹೋಗಿದ್ದು ಸಾಲ್ದಾ?" ಎಂದು ಅತ್ತೆ ಅಳುತ್ತಿದ್ದರು.

"ಅವನಿಗೆ ಹೆಂಗಿರ್ತದೆ ಅಂತ ನಂಗೆ ತಿಳೀಬೇಕು ಕಣೇ ಸುವರ್ಣ. ಬಿಚ್ಚಿಟ್ಕಂಡ್ರೆ ಹೆದರಿಕೆಯಾದಾಗ ಕಾಲು ತಾನೇ ಇಳೀತದೆ. ಅವನಿಗೆ ಇಳಿಯಾಕೆ ಕಾಲೆಲ್ಲೈತೆ?" ಎಂದರು ಮಾವ. ನನ್ನ ಕಡೆ ನೋಡಿ, "ನೀನು ಬಾಮ್ಮ. ನಿನ್ ಕಣ್ಣಿಗೆ ಬೀಳೋದು ನಮ್ ಕಣ್ಣಿಗೆ ಬೀಳಾಕಿಲ್ಲ" ಎಂದರು. ಒಂದೇ ಕಾಲಿನಲ್ಲಿ ಹುಚ್ಚಣ್ಣನ ಹೆಗಲು ಹಿಡಿದು ಕುಪ್ಪಳಿಸುತ್ತ ಜೀಪಿನವರೆಗೆ ಹೋದರು. ಬೀದಿಯ ಜನ ನಿಂತು ನೋಡಿದರು. ಮಾವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ.

ನಾನು ಬಲಗಡೆಯ ಸೀಟಿನಲ್ಲಿ, ಹುಚ್ಚಣ್ಣ ಹಿಂದೆ ಕೂತೆವು. ಗುಡ್ಡ ಹತ್ತುವಾಗ ಬ್ರೇಕಿನ ಅಗತ್ಯವೇ ಬೀಳಲಿಲ್ಲ. ಗುಡ್ಡದ ನೆತ್ತಿಯಲ್ಲಿ ವೇಗ ತಾನೇ ಸತ್ತು ನಿಂತಿತು. ಮಾವ ಬೆವರಿದ್ದರು, ಆದರೆ ಮುಖ ಅರಳಿತ್ತು. "ಬತ್ತಾನೆ ಕಣಮ್ಮ, ಖಂಡಿತ ಬತ್ತಾನೆ" ಎಂದರು. ಇಳಿಯಲು ತಿರುಗಿಸಿಕೊಂಡರು. ಇಳಿಜಾರಲ್ಲಿ ನಾಲ್ಕು ಚಕ್ರಕ್ಕೂ ಬಲವಿರಲಿ ಎಂದು ಹುಚ್ಚಣ್ಣ ಹಿಂದಿನಿಂದ ಬಗ್ಗಿ ಗಿಡ್ಡ ಕಡ್ಡಿಗಳೆರಡನ್ನೂ ಹಾಕಿಕೊಟ್ಟ.

ಮೊದಲ ತಿರುವಿನ ಮುಂಚೆ ಮಾವ ಬ್ರೇಕ್ ತುಳಿದರು. ಪೆಡಲು ಅಲುಗಲಿಲ್ಲ. "ಏನ್ಲಾ ಇದು, ಕಲ್ಲಾಗೈತೆ!" ಎಂದು ಇನ್ನೊಮ್ಮೆ ಮೈಭಾರವನ್ನೆಲ್ಲ ಹಾಕಿ ತುಳಿದರು. ಕಲ್ಲು. ಜೀಪಿನ ಸ್ವಂತದ ಹ್ಯಾಂಡ್‌ಬ್ರೇಕಿನ ತಂತಿ ತುಕ್ಕು ತಿಂದು ತುಂಡಾಗಿತ್ತು, ಹುಚ್ಚಣ್ಣ ತಿಂಗಳಿಂದ ನಾಳೆ ನಾಳೆ ಎನ್ನುತ್ತಿದ್ದ. ಈಗ ಅವನು "ಶಿವನೇ" ಎಂದವನು ಹಿಂದಿನಿಂದ ಹಾರಿಯೇಬಿಟ್ಟ.

ಆಗ ಮಾವ ಒಂದು ಕೆಲಸ ಮಾಡಿದರು. ಹಿಂದೆ ಕೊಬ್ಬರಿ ಲಾರಿ ಓಡಿಸಿದ ಕೈ ಅವರದು. ಭಯದಲ್ಲಿ ಆ ಕೈ ಪಕ್ಕದಲ್ಲಿ ನಿಂತಿದ್ದ ಲಾರಿಯ ಹಿಡಿಯನ್ನೇ ಹುಡುಕಿಕೊಂಡು, ಇದ್ದಬದ್ದ ಬಲವನ್ನೆಲ್ಲ ಹಾಕಿ ಹಿಂದಕ್ಕೆಳೆಯಿತು. ಅದು ಬ್ರೇಕಲ್ಲ, ಕ್ಲಚ್ಚು. ಅಷ್ಟು ಹೊತ್ತು ಚಕ್ರಗಳನ್ನು ತಡೆದು ಗುರುಗುಟ್ಟುತ್ತಿದ್ದ ಎಂಜಿನ್ನು ಕೈಬಿಟ್ಟಿತು. ಕಟಕಟ ಎಂದು ಹಿಡಿ ಹಲ್ಲಿಗೆ ಸಿಕ್ಕಿ ನಿಂತಿತು. ಜೀಪು ನಿಶ್ಶಬ್ದವಾಗಿ, ಕಾಯಿ ಉರುಳಿದ ಹಾಗೆ ಇಳಿಯತೊಡಗಿತು. ಮಾವ ಇನ್ನೂ ಎಳೆಯುತ್ತಲೇ ಇದ್ದರು. ಕಟ್ಟಿದ ಕಾಲು ಹಗ್ಗದೊಳಗೆ ಒದ್ದಾಡುತ್ತಿತ್ತು.

ನಾನು ಈ ಮನೆಗೆ ಬಂದ ಮೇಲೆ ಮಾವನ ಎದುರು ದನಿಯೆತ್ತಿ ಮಾತಾಡಿದವಳಲ್ಲ. "ಅದು ಬ್ರೇಕಲ್ಲ ಮಾವ, ಬುಡಿ, ಬುಡೀ!" ಎಂದು ಕಿರುಚಿದೆ. ಬಿಡಲಿಲ್ಲ. ಅವರ ಕೈಮೇಲೆ ಬಲವಾಗಿ ಹೊಡೆದೆ. ಬಿಟ್ಟರು. ಎರಡೂ ಕೈಯಲ್ಲಿ ಹಿಡಿಯ ಗುಂಡಿ ಒತ್ತಿ ಮುಂದಕ್ಕೆ ತಳ್ಳಿದೆ. ಎಂಜಿನ್ನು ಅರಚಿಕೊಂಡು ಚಕ್ರಗಳನ್ನು ಹಿಡಿಯಿತು. ನನ್ನ ಹಣೆ ಮುಂದಿನ ಗಾಜಿನ ಚೌಕಟ್ಟಿಗೆ ಬಡಿಯಿತು. ವೇಗ ಇಳಿಯಿತು, ನಿಲ್ಲಲಿಲ್ಲ. ಮಾವ ತಿರುವು ಬಿಟ್ಟು ಬಲಕ್ಕೆ ಗುಡ್ಡದ ಮಗ್ಗುಲಿಗೆ ತಿರುಗಿಸಿದರು. ಕತ್ತಾಳೆಯ ಪೊದೆ, ಮಣ್ಣಿನ ದಿಬ್ಬ, ಆಮೇಲೆ ಸದ್ದಿಲ್ಲ. ಕಮರಿಯಿದ್ದ ಎಡಕ್ಕೆ ತಿರುಗಿಸಿದ್ದರೆ ಈ ಕಾಗದ ಬರೆಯಲು ಯಾರೂ ಇರುತ್ತಿರಲಿಲ್ಲ.

ಹುಚ್ಚಣ್ಣ ಕುಂಟುತ್ತ ಬಂದು, "ಇದ್ದೀರಾ ಸ್ವಾಮೇರಾ?" ಎಂದ. "ಇದ್ದೀವಿ ಕಣ್ಲಾ, ನೀನು ಇಳುದಿದ್ರಿಂದ ಭಾರ ಕಡಿಮೆಯಾಯ್ತು" ಎಂದರು ಮಾವ. ಹುಚ್ಚಣ್ಣ ಬ್ರೇಕಿನ ಎಣ್ಣೆಯ ಮುಚ್ಚಳ ಬಿಚ್ಚಿ, ಬೆರಳು ಅದ್ದಿ, ಮೂಸಿ ನೋಡಿದ. ಬೆರಳ ತುದಿಯಲ್ಲಿ ಬೆಳ್ಳಗೆ ಬೆಣ್ಣೆಯ ಹಾಗೆ ನಿಂತಿತ್ತು. ಬೆಳಿಗ್ಗೆ ಒಲೆಯ ಮುಂದೆ ಕಾಯಿಸಿದ ಸೀಸೆ ನನ್ನ ಕಣ್ಣ ಮುಂದೆ ಬಂತು.

"ಕೊಬ್ಬರಿ ಎಣ್ಣೆ! ಯಾವ ಬಡ್ಡೀಮಗ ಹಾಕಿದ್ದು ಇದನ್ನ?"

"ನಾನೇ ಕಣ್ಲಾ ಆ ಬಡ್ಡೀಮಗ" ಎಂದರು ಮಾವ. ದೀಪಾವಳಿಯ ಬಿಸಿಲಿನಲ್ಲಿ ಎಣ್ಣೆ ಇಳಿದಿತ್ತಂತೆ. ಬ್ರೇಕಿನೆಣ್ಣೆ ತುಮಕೂರಿನಿಂದ ಬರಬೇಕು. ನಮ್ಮದೇ ಗಾಣದ ಶುದ್ಧ ಎಣ್ಣೆ ಇರುವಾಗ ಅದೇಕೆ ಎಂದು ಸೋಸಿ ತುಂಬಿದ್ದರು. ಬಿಸಿಲಿರುವವರೆಗೆ ನಡೆದಿತ್ತು.

ಹಗ್ಗದ ಗಂಟು ಬಿಗಿದು ಬಿಚ್ಚಲು ಬರಲಿಲ್ಲ. ನಾನು ಬಗ್ಗಿ ಹಲ್ಲಿನಲ್ಲಿ ಕಚ್ಚಿ ಸಡಿಲಿಸಿದೆ. ಚರ್ಮ ಸುಲಿದು ರಕ್ತ ಬಂದಿತ್ತು. ಮಾವ ಮರಗಟ್ಟಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕಿಟ್ಟರು. "ಒಂದು ಬೆಳಿಗ್ಗೆ ಕಟ್ಟಿದ್ದಕ್ಕೇ ಹಿಂಗಾಯ್ತು. ಕಾಗದದಾಗೆಲ್ಲ ಅವನಿಗೆ ‘ಧೈರ್ಯವಾಗಿರು’ ಅಂತ ಬರೆಸ್ತಿದ್ನಲ್ಲಮ್ಮ ನಿನ್ ಕೈಲಿ" ಎಂದರು. ನಿಮ್ಮ ಗಾಯದ ಸುದ್ದಿ ಬಂದ ದಿನವೂ ಅಳದವರು ಅವತ್ತು ರಸ್ತೆಯ ಪಕ್ಕ ಕತ್ತಾಳೆಯ ನಡುವೆ ಕೂತು ಅತ್ತರು. ಹುಚ್ಚಣ್ಣ ಟೈರು ನೋಡುವ ನೆಪ ಮಾಡಿದ.

ಈಗ ಕೊಬ್ಬರಿ ಎಣ್ಣೆ ಕುಡಿದು ಉಬ್ಬಿದ ಬ್ರೇಕಿನ ರಬ್ಬರುಗಳನ್ನೆಲ್ಲ ಕಿತ್ತು ಹೊಸವನ್ನು ಹಾಕಿ, ತುಮಕೂರಿನ ಎಣ್ಣೆಯನ್ನೇ ತುಂಬಿದ್ದಾರೆ. ಹ್ಯಾಂಡ್‌ಬ್ರೇಕಿಗೆ ಹೊಸ ತಂತಿ ಬಂದಿದೆ. ಜೀಪು ಹತ್ತುವಾಗ ನೀವು ಹಿಡಿದುಕೊಳ್ಳಲು ಕಂಬಿಯೊಂದನ್ನು ಹಾಕುತ್ತೇನೆಂದು ಹುಚ್ಚಣ್ಣ ಮೊದಲೇ ಹೇಳಿದ್ದ. ಮಗ ಸಿಟ್ಟಾಗುತ್ತಾನೆ ಎಂದು ಮಾವ ಬೇಡವೆಂದಿದ್ದರು. ನಿನ್ನೆ ತಾವೇ ನಿಂತು ಬೆಸೆಸಿದರು. ನಾನು ಕ್ಲಚ್ಚಿನ ಹಿಡಿಗೆ ನಾರಿನ ಹುರಿಯನ್ನು ಒತ್ತಾಗಿ ಸುತ್ತಿ ಹೊಲಿದಿದ್ದೇನೆ. ಕೈಗೆ ಒರಟು ತಗುಲಿದರೆ ಕ್ಲಚ್ಚು, ನುಣುಪಾಗಿದ್ದರೆ ಬ್ರೇಕು. ಕಣ್ಣು ಮುಚ್ಚಿಯೂ ತಪ್ಪಬಾರದು.

31ನೇ ತಾರೀಖು ಭಾನುವಾರ, ಪುಣೆ ಕಡೆಯ ರೈಲು ಬರುವ ಹೊತ್ತಿಗೆ ಜೀಪು ತಿಪಟೂರು ಸ್ಟೇಷನ್ನಿನ ಮುಂದೆ ನಿಂತಿರುತ್ತದೆ. ನಿಮ್ಮನ್ನು ಯಾರೂ ಹಿಡಿದುಕೊಂಡು ಬರುವುದಿಲ್ಲ. ಊರು ನೋಡುವುದಾದರೆ ನೀವು ಅದನ್ನು ಓಡಿಸಿಕೊಂಡು ಬರುವುದನ್ನು ನೋಡಲಿ. ನೀವು ಇಳಿಯದಿದ್ದರೆ ಹುಚ್ಚಣ್ಣ ಖಾಲಿ ಜೀಪು ವಾಪಸು ತರುತ್ತಾನೆ, ಮಾವ ಅದನ್ನು ಕೋಳಿಗಳಿಗೆ ಬಿಟ್ಟುಕೊಡುತ್ತಾರೆ. ಅವರೇ ಹಾಗೆಂದರು.

ಮಾವ ಅತ್ತೆಯವರ ಆಶೀರ್ವಾದಗಳು. ಎದೆಯ ಲಿಂಗ ನಿಮ್ಮನ್ನು ದಾರಿಯುದ್ದಕ್ಕೂ ಕಾಯಲಿ ಎಂದು ಅತ್ತೆ ಹೇಳಿ ಬರೆಸಿದರು. ನನ್ನ ಹಣೆಯ ಗಾಯ ಒಣಗುತ್ತಿದೆ.

ನಿಮ್ಮ,
ಗಿರಿಜಾಂಬಿಕಾ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ. ಪುಣೆಯಲ್ಲಿ ಮಾವ ಟೀ ತರಲು ಹೋದಾಗ ನರ್ಸಮ್ಮ ನನ್ನ ಕಡೆ ತೋರಿಸಿ ಯಾರೆಂದು ಕೇಳಿದರು. ನೀವು ಗೋಡೆಯ ಕಡೆ ಮುಖ ಮಾಡಿಕೊಂಡು "ಬೆಹನ್" ಎಂದಿರಿ. ನನಗೆ ಹಿಂದಿ ಬರುವುದಿಲ್ಲವೆಂದು ತಿಳಿದಿದ್ದಿರಿ. ತಂಗಿ ಎನ್ನುವ ಮಾತು ತಿಳಿಯುವಷ್ಟು ಬರುತ್ತದೆ. ಇದನ್ನು ನಾನು ಇಲ್ಲಿ ಯಾರಿಗೂ ಹೇಳಿಲ್ಲ. ಮಾವ ಬಯಸಿದ ಹಾಗೆ ಜೀಪು ನೀವೊಬ್ಬರೇ ಓಡಿಸುವಂತೆಯೇ ಇದೆ, ಮೂರನೇ ಕೈ ಬೇಕಿಲ್ಲ. ಆದರೂ 31ರಂದು ನಾನು ಬಲಗಡೆಯ ಸೀಟಿನಲ್ಲಿ ಕೂತಿರುತ್ತೇನೆ. ಸ್ಟೇಷನ್ನಿನಲ್ಲಿ ಯಾರಾದರೂ ನನ್ನನ್ನು ತೋರಿಸಿ ಯಾರೆಂದು ಕೇಳೇ ಕೇಳುತ್ತಾರೆ. ಏನು ಹೇಳುತ್ತೀರೆಂದು ರೈಲಿನಲ್ಲೇ ಯೋಚಿಸಿಕೊಂಡು ಬನ್ನಿ.