ದೀಪ ಹಚ್ಚಿದ ಮೇಲೆ

ದಾವಣಗೆರೆ, ೯-೧೧-೧೯೬೧, ಗುರುವಾರ

ನಾಳೆ ಬೆಳಿಗ್ಗೆ ಮಗುವಿಗೆ ಹಾಲಿಲ್ಲ. ಅದೊಂದೇ ತಲೆಯಲ್ಲಿ ಸುತ್ತುತ್ತಿದೆ.

ವಾಮದೇವಪ್ಪನವರ ತೋಟದ ಪಂಪಿನ ಮೋಟಾರಿಗೆ ಇವರು ಹೊಸ ತಂತಿ ಸುತ್ತಿ ಕೊಟ್ಟು ಎರಡು ತಿಂಗಳಾಯಿತು. ಕೂಲಿ ಕೇಳಲು ಇವರಿಗೆ ಬಾಯಿ ಬಾರದು. ಕಾಲೇಜು ಓದಿದವಳು ನೀನೇ ಕೇಳು ಎಂದು ಹೇಳಿ, ಹರಿಹರಕ್ಕೆ ಇನ್ನೊಂದು ಮೋಟಾರು ಬಿಚ್ಚಲು ಹೋದರು.

ನಾನು ಹೋದಾಗ ಇನ್ನೂ ಬಿಸಿಲಿತ್ತು. "ಬಾರವ್ವ, ಕೂಡು. ಮೊದ್ಲು ಕಾಫಿ ಕುಡಿ, ದುಡ್ಡು ಎಲ್ಲಿಗೆ ಓಡಿ ಹೋಗ್ತೈತೆ?" ಎಂದರು ವಾಮದೇವಪ್ಪ. ಮಗುವಿನ ಹಲ್ಲು, ನನ್ನ ತವರು, ಹತ್ತಿಯ ಧಾರಣೆ, ಎಲ್ಲವನ್ನೂ ಮಾತಾಡಿದರು. ಅಷ್ಟರಲ್ಲಿ ಒಳಗೆ ಅವರ ಹೆಂಡತಿ ದೀಪ ಹಚ್ಚಿದರು.

"ಅಯ್ಯೋ, ದೀಪ ಹಚ್ಚಿದ ಮ್ಯಾಲೆ ಲಕ್ಷ್ಮೀನ ಹೊರಗೆ ಕಳಿಸಬಾರ್ದಲ್ಲವ್ವ! ನಾಳೆ ಶುಕ್ರವಾರ, ನಾಳೇನೂ ಬ್ಯಾಡ. ನಾಡಿದ್ದು ನೋಡಾನ."

ಕುಂಕುಮ ಹಚ್ಚಿ ಕಳಿಸಿದರು.

ಮನೆಗೆ ಬಂದರೆ ಹಾಲಿನ ಕೊಟ್ರವ್ವ ಕಟ್ಟೆಯ ಮೇಲೆ ಕೂತಿದ್ದಳು. "ಎಮ್ಮಿಗೆ ಹಿಂಡಿ ತರಬೇಕ್ರಿ ಅಕ್ಕಾರೆ. ಇವತ್ತಾದ್ರೂ ಹಾಲಿನ ರೊಕ್ಕ ಕೊಡ್ರಿ."

ಕೈಯಲ್ಲಿ ಕಾಸಿಲ್ಲ ಎನ್ನಲು ನಾಚಿಕೆಯಾಯಿತು. ಒಳಗೆ ಹೋಗಿ, ಬೇಕೆಂದೇ ದೀಪ ಹಚ್ಚಿ ಬಂದು, ವಾಮದೇವಪ್ಪನವರ ಮಾತನ್ನೇ ಅವಳಿಗೆ ಹೇಳಿದೆ. ಇದನ್ನೆಲ್ಲ ನಂಬದ ನಾನು.

ಕೊಟ್ರವ್ವ ದೀಪ ನೋಡಿದಳು, ನನ್ನ ಹಣೆಯ ಕುಂಕುಮ ನೋಡಿದಳು. ಸೆರಗು ಕೊಡವಿ ಎದ್ದಳು. "ಆತು ಬಿಡ್ರಿ. ಹಾಲೂ ಲಕ್ಷ್ಮೀನೇ ಅಲ್ಲೇನ್ರಿ? ನಾಳೆ ಶುಕ್ರವಾರ, ನಾವೂ ಹೊರಗೆ ಕಳ್ಸಂಗಿಲ್ಲ."

ಕರೆದು ನಿಜ ಹೇಳಬಹುದಿತ್ತು. ತಿರುವಿನವರೆಗೂ ಅವಳ ಬೆನ್ನು ಕಾಣುತ್ತಿತ್ತು.

ಇವರು ಇನ್ನೂ ಬಂದಿಲ್ಲ. ಬಂದು ಕೇಳಿದರೆ ಯಾವುದನ್ನು ಮೊದಲು

ಮಗು ಎದ್ದಿತು.